ಏರಿ ಮೇಲೆ ಮಗು, ಕಣ್ಣು ಎಲ್ಲಿ?

ಹೋದ ಭಾನುವಾರ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ. ಏರಿ ಮೇಲೆ ಅಪ್ಪನ ಗಮನ ಫೋನಿನಲ್ಲಿ, ನಾಲ್ಕು ವರ್ಷದ ಮಗನದು ಹೆಜ್ಜಾರ್ಲೆ ಮೇಲೆ. ಹಕ್ಕಿ ನೋಡುತ್ತ ಹುಡುಗ ಇಳಿಜಾರಿಗೆ ಇಳಿದೇಬಿಟ್ಟ. ವಾಕಿಂಗ್ ಬಂದಿದ್ದ ಯಜಮಾನರೊಬ್ಬರು ಅಂಗಿ ಹಿಡಿದು ಎಳೆಯದಿದ್ದರೆ?

"ಸದ್ದೇ ಆಗ್ಲಿಲ್ವಲ್ಲ ಸಾರ್" ಅಂದರು ಅಪ್ಪ.

ಆಗೋದೂ ಇಲ್ಲ ಸ್ವಾಮಿ. ನೀರಿಗೆ ಬಿದ್ದ ಮಗು ಸಿನಿಮಾದಲ್ಲಿ ಕೂಗಿದ ಹಾಗೆ ಕೂಗೋದಿಲ್ಲ. ಹೆಚ್ಚಾಗಿ ಸದ್ದಿಲ್ಲದೆ ಮುಳುಗುತ್ತದೆ.

ಹಾಗಂತ ಮಕ್ಕಳನ್ನು ಮನೆಯಲ್ಲೇ ಕೂಡಿಹಾಕಬೇಕೆ? ಖಂಡಿತ ಬೇಡ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಈ ಕೆರೆ ಮಕ್ಕಳಿಗೆ ದೊಡ್ಡ ಪಾಠಶಾಲೆ. ನೀರುಕಾಗೆ ರೆಕ್ಕೆ ಬಿಚ್ಚಿ ಬಿಸಿಲಿಗೆ ನಿಲ್ಲೋದು ಯಾಕೆ ಅಂತ ಮಗುವನ್ನೇ ಕೇಳಿ. ನೆಂದ ರೆಕ್ಕೆ ಒಣಗಿಸೋದಕ್ಕೆ! ಹೆಜ್ಜಾರ್ಲೆಯ ಕೊಕ್ಕಿನ ಕೆಳಗಿನ ಚೀಲ ಮೀನು ಮೊಗೆಯುವ ಬಲೆ ಅಂತ ತೋರಿಸಿ.

ನಾಲ್ಕು ಮಾತು ಮಾತ್ರ ನೆನಪಿರಲಿ. ನೀರಿನ ಹತ್ತಿರ ಚಿಕ್ಕ ಮಗು ಕೈಗೆಟುಕುವಷ್ಟು ದೂರದಲ್ಲೇ ಇರಲಿ. ಪೊದೆಗೆ, ಕಲ್ಲುಸಂದಿಗೆ ಕೈ ಹಾಕಬಾರದು ಅಂತ ಮೊದಲೇ ಹೇಳಿ. ಅಕಸ್ಮಾತ್ ಹಾವು ಕಚ್ಚಿದರೆ ಕೊಯ್ಯೋದು, ಬಿಗಿಯಾಗಿ ಕಟ್ಟೋದು, ಬಾಯಲ್ಲಿ ಹೀರೋದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡಿಸದೆ ನೇರ ಆಸ್ಪತ್ರೆಗೆ. 108ಕ್ಕೆ ಫೋನು ಮಾಡಿ. ಹೆಜ್ಜೇನಿಗೆ ಕಲ್ಲು ಹೊಡೆಯೋದು ಆಟವಲ್ಲ. ಎದ್ದರೆ ಮುಖ ಮುಚ್ಚಿಕೊಂಡು ದೂರ ಓಡಬೇಕು, ನೀರಿಗೆ ಹಾರಬಾರದು. ತಪ್ಪಿಸಿಕೊಂಡರೆ ಎಲ್ಲಿ ನಿಲ್ಲಬೇಕು ಅಂತ ಗೇಟಿನಲ್ಲೇ ತೋರಿಸಿ, ಜೇಬಿಗೆ ನಂಬರಿನ ಚೀಟಿ ಹಾಕಿ.

ಅಂಗಡಿಗೆ ರಜೆ ಇದ್ದ ದಿನ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ. ಫೋನು ಜೇಬಿನಲ್ಲಿರಲಿ, ಮಗುವಿನ ಕೈ ನಿಮ್ಮ ಕೈಲಿರಲಿ.