ಹಿತ್ತಿಲ ಬೇಲಿಗೊಂದು ಮಾರ್ನಿಂಗ್ ಗ್ಲೋರಿ

ಗದಗಿನ ಮಗ್ಗುಲಲ್ಲೇ ಇರುವ ಬಿಂಕದಕಟ್ಟಿಯನ್ನು ಹೆಚ್ಚಿನವರು ಬಲ್ಲದ್ದು ಅಲ್ಲಿನ ಮೃಗಾಲಯದಿಂದ. ಕಪ್ಪತಗುಡ್ಡದ ಸಾಲು ಇಲ್ಲಿಂದ ಮೊದಲಾಗಿ ಮುಂಡರಗಿ ತಾಲ್ಲೂಕಿನ ಸಿಂಗಟಾಲೂರಿನತ್ತ ಸಾಗುತ್ತದೆ. ಮಳೆ ಕಡಿಮೆ, ಬಿಸಿಲು ಧಾರಾಳ, ಆಷಾಢದಲ್ಲಿ ಗಾಳಿ ಜೋರು. ಇಂಥ ಊರಿನ ಹಿತ್ತಿಲಿಗೆ ಹೇಳಿ ಮಾಡಿಸಿದ ಬಳ್ಳಿ ಮಾರ್ನಿಂಗ್ ಗ್ಲೋರಿ. ಉಪಚಾರ ಹೆಚ್ಚಾದರೇ ಅದಕ್ಕೆ ಕೇಡು.

ಇದು ಗೆಣಸಿನ ಬಳಗ. ಶಿವರಾತ್ರಿಯ ಉಪವಾಸಕ್ಕೆ ಬೇಯಿಸುವ ಗೆಣಸು, ಕೆಂಪು ನಕ್ಷತ್ರದಂಥ ಹೂವಿನ ಕಾಮಲತೆ, ನೀಲಿ ನೇರಳೆಯ ಮಾರ್ನಿಂಗ್ ಗ್ಲೋರಿ ಎಲ್ಲವೂ ಐಪೋಮಿಯ ಕುಲದವು.

ಬೀಜದ ಸಿಪ್ಪೆ ಗಡುಸು. ಒರಟು ಕಲ್ಲಿನ ಮೇಲೆ ಒಂದು ಬದಿ ತುಸು ತಿಕ್ಕಿ, ರಾತ್ರಿಯಿಡೀ ನೀರಲ್ಲಿ ನೆನೆಸಿಟ್ಟು ಬಿತ್ತಿದರೆ ವಾರದೊಳಗೆ ಮೊಳಕೆ ಕಾಣುತ್ತದೆ. ಮಸಾರಿ ನೆಲವಾದರೆ ಬೇರೇನೂ ಬೇಡ. ಎರೆಮಣ್ಣಾದರೆ ಗುಣಿಗೆ ಮರಳು, ಗರಸು ಬೆರೆಸಿ, ನೀರು ನಿಲ್ಲದಂತೆ ತುಸು ಏರಿಸಿ. ತಿಪ್ಪೆಗೊಬ್ಬರವನ್ನೂ ಯೂರಿಯಾವನ್ನೂ ಸುರಿಯಬೇಡಿ. ಸಾರಜನಕ ಹೆಚ್ಚಾದರೆ ಬೇಲಿ ತುಂಬ ಎಲೆ ಬರುತ್ತದೆ, ಹೂ ಬರುವುದಿಲ್ಲ.

ಬಿತ್ತುವ ಹೊತ್ತು ಯಾವುದು ಎಂಬುದೇ ಎಲ್ಲಕ್ಕಿಂತ ಮುಖ್ಯ. ಈ ಬಳ್ಳಿ ಹೂವಿಗೆ ತೊಡಗುವುದು ರಾತ್ರಿಯ ಉದ್ದವನ್ನು ಅಳೆದು. ಜಪಾನಿನಲ್ಲಿ ‘ಅಸಗಾವೊ’ ಎಂದು ಕರೆಯುವ ಐಪೋಮಿಯ ನಿಲ್ ಜಾತಿಯ ‘ವಯೊಲೆಟ್’ ತಳಿಯ ಸಸಿಗೆ 16 ಗಂಟೆಯ ಒಂದೇ ಒಂದು ಕತ್ತಲು ಸಿಕ್ಕರೂ ಸಾಕು, ಮೊಗ್ಗಿಗೆ ಸಿದ್ಧವಾಗುತ್ತದೆ. ಆ ಕತ್ತಲ ನಡುವೆ ಸ್ವಲ್ಪ ಹೊತ್ತು ಬೆಳಕು ಬಿದ್ದರೆ ಲೆಕ್ಕ ತಪ್ಪುತ್ತದೆ. ಹೂ ಬಿಡುವ ಗುಟ್ಟನ್ನು ಹುಡುಕಿದ ಸಸ್ಯವಿಜ್ಞಾನಿಗಳು ಈ ತಳಿಯನ್ನು ದಶಕಗಳ ಕಾಲ ಕೈಬಿಡದಿದ್ದುದು ಇದಕ್ಕಾಗಿಯೇ. ನಮ್ಮ ಹಿತ್ತಿಲಿಗೂ ಇದರಲ್ಲಿ ಪಾಠವಿದೆ. ಮಿರಗದ ಮಳೆ ಬಿದ್ದ ಮೇಲೆ ಬಿತ್ತಿ. ಮುಂಗಾರಿನಲ್ಲಿ ಬಳ್ಳಿ ಹಬ್ಬಲಿ, ರಾತ್ರಿ ಉದ್ದವಾಗುತ್ತ ಬರುವ ಹಿಂಗಾರಿನಲ್ಲಿ ಹೂವಾಗಲಿ. ಬೀದಿದೀಪ ನೇರವಾಗಿ ಬೀಳುವ ಮೂಲೆಯನ್ನು ಬಿಟ್ಟುಬಿಡಿ.

ಇದಕ್ಕೆ ಹಿಡಿಯಲು ಕುಡಿಬಳ್ಳಿಗಳಿಲ್ಲ, ಕಾಂಡವೇ ಸುತ್ತಿಕೊಂಡು ಏರಬೇಕು. ಗೋಡೆಯನ್ನೋ ದಪ್ಪ ಕಂಬವನ್ನೋ ಹತ್ತಲಾರದು. ಬೆರಳು ಗಾತ್ರದ ಆಸರೆ ಬೇಕು. ನಮ್ಮ ಕಡೆ ಹೊಲದಲ್ಲಿ ಉಳಿಯುವ ಹತ್ತಿಕಟ್ಟಿಗೆ ಇದಕ್ಕೆ ತಕ್ಕುದು. ಗಾಳಿಗೆ ಅಲುಗದಂತೆ ಬಿಗಿದು ಕಟ್ಟಿ.

ಒಂದೊಂದು ಹೂವಿನ ಬಾಳು ಒಂದೇ ಮುಂಜಾವು. ಬಿಸಿಲೇರಿದಂತೆ ಮುದುಡುತ್ತದೆ, ಮೋಡವಿದ್ದರೆ ಇನ್ನಷ್ಟು ಹೊತ್ತು ನಿಲ್ಲುತ್ತದೆ. ‘ಹೆವೆನ್ಲಿ ಬ್ಲೂ’ ತಳಿಯ ಮೊಗ್ಗು ಕೆನ್ನೇರಳೆ, ಅರಳಿದ ಹೂ ತಿಳಿನೀಲಿ. ದಳದ ಕೋಶರಸದ ಪಿಎಚ್ ಸುಮಾರು 6.6ರಿಂದ 7.7ಕ್ಕೆ ಏರುವುದರಿಂದ ಒಂದೇ ವರ್ಣದ್ರವ್ಯ ಬಣ್ಣ ಬದಲಿಸುತ್ತದೆ. ಎಲೆಯಲ್ಲಿ ತೂತು ಕಂಡರೆ ಔಷಧ ಸಿಂಪಡಿಸುವ ಮುನ್ನ ಮಗುಚಿ ನೋಡಿ. ಚಿನ್ನದಂತೆ ಹೊಳೆಯುವ ಆಮೆಜೀರುಂಡೆ ಅಲ್ಲಿ ಕೂತಿರಬಹುದು. ಅದು ಸತ್ತರೆ ಆ ಹೊಳಪೂ ಹೋಗುತ್ತದೆ. ನಾಲ್ಕು ಎಲೆ ಅದಕ್ಕೆ ಹೋಗಲಿ, ಮಕ್ಕಳನ್ನು ಕರೆದು ತೋರಿಸಿ.

ಆದರೆ ಬೀಜವನ್ನು ಮಕ್ಕಳ ಕೈಗೆ ಕೊಡಬಾರದು, ಅದು ವಿಷಕಾರಿ. ಕೆರೆಯಂಚಿನಲ್ಲಿ ಪೊದೆಯಾಗಿ ಬೆಳೆದು ತಿಳಿಗುಲಾಬಿ ಹೂ ಬಿಡುವ ಇದರ ನೆಂಟ ಐಪೋಮಿಯ ಕಾರ್ನಿಯವನ್ನಂತೂ ಬೇಲಿಗೆ ನೆಡಲೇಬೇಡಿ. ಅದನ್ನು ತಿನ್ನುತ್ತ ಹೋದ ಆಡುಗಳಿಗೆ ನರದೋಷ ಬರುತ್ತದೆ, ಮುರಿದ ರೆಂಬೆಯೂ ನೀರಂಚಿನಲ್ಲಿ ಬೇರು ಬಿಡುತ್ತದೆ.

ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಔಷಧಿ ಸಸ್ಯಗಳಿಗೆ ಹೆಸರಾದ ಗುಡ್ಡವದು. ಹಿತ್ತಿಲಿನ ಮಾರ್ನಿಂಗ್ ಗ್ಲೋರಿಗಳೋ ಅಮೆರಿಕ ಖಂಡದ ಮೂಲದವು, ಒಣಗಿದ ಕಾಯಿ ಬಿರಿದರೆ ತಾವೇ ಹುಟ್ಟಿಕೊಳ್ಳುತ್ತವೆ. ಆದ್ದರಿಂದ ಕಾಯಿ ಕಂದಾದೊಡನೆ ಬಿಡಿಸಿ, ಮುಂದಿನ ಮಿರಗಕ್ಕೆ ಬೇಕಾದಷ್ಟನ್ನು ಡಬ್ಬಿಯಲ್ಲಿಟ್ಟು ಉಳಿದದ್ದನ್ನು ಸುಟ್ಟುಬಿಡಿ. ಕಿತ್ತ ಬಳ್ಳಿಯನ್ನು ಗುಡ್ಡದ ಕಡೆ ಎಸೆಯಬೇಡಿ.