ಡಾರ್ಜಿಲಿಂಗಿನ ಚಹ

೧೮೪೧ರಲ್ಲಿ ಡಾಕ್ಟರ್ ಕ್ಯಾಂಪ್‌ಬೆಲ್ ಎಂಬವರು ಡಾರ್ಜಿಲಿಂಗಿನ ತಮ್ಮ ತೋಟದಲ್ಲಿ ಚಹದ ಬೀಜಗಳನ್ನು ಬಿತ್ತಿದರು. ಅಲ್ಲಿ ಮುಖ್ಯವಾಗಿ ನೆಲೆಯೂರಿದುದು ಚಳಿಯನ್ನು ತಾಳಬಲ್ಲ, ಕಿರಿದೆಲೆಯ ಚೀನೀ ಜಾತಿ. ತಂಪಿನಲ್ಲಿ ಚಿಗುರು ಮೆಲ್ಲನೆ ಬೆಳೆಯುವುದು; ಇಳುವರಿ ಕಡಮೆ, ಪರಿಮಳ ಹೆಚ್ಚು. ಎರಡನೆಯ ಕೊಯ್ಲಿನ ಎಲೆಗಂತೂ ಮಸ್ಕಟ್ ದ್ರಾಕ್ಷಿಯ ಕಂಪು. ಇದರಲ್ಲಿ ಒಂದು ಕೀಟದ ಪಾಲೂ ಉಂಟೆಂದರೆ ಓದುಗರು ನಂಬುವರೆ? ಹಸಿರು ಜಿಗಿಹುಳು ಚಿಗುರಿನ ರಸವನ್ನು ಹೀರಿದಾಗ ಗಿಡವು ಆತ್ಮರಕ್ಷಣೆಗಾಗಿ ಸುವಾಸನೆಯ ದ್ರವ್ಯಗಳನ್ನು ಹೆಚ್ಚಾಗಿ ತಯಾರಿಸುತ್ತದೆ. ಎಲೆಯನ್ನು ಬಾಡಿಸಿ ಹೊಸೆದಾಗ ಅದರ ಕ್ಯಾಟೆಕಿನ್‌ಗಳು ಆಮ್ಲಜನಕದೊಡನೆ ವರ್ತಿಸಿ ಕೆಂಬಣ್ಣ ತಾಳುತ್ತವೆ.

ಇನ್ನು ನೀರಿನ ಮಾತು. ೨,೦೦೦ ಮೀಟರ್ ಎತ್ತರದಲ್ಲಿ ವಾಯುಭಾರವು ಕಡಮೆಯಾದುದರಿಂದ ನೀರು ಸುಮಾರು ೯೩ ಡಿಗ್ರಿ ಸೆಂಟಿಗ್ರೇಡಿನಲ್ಲೇ ಕುದಿಯುತ್ತದೆ. ಉರಿಯನ್ನು ಎಷ್ಟು ಹೆಚ್ಚಿಸಿದರೂ ನೀರು ಬೇಗ ಆವಿಯಾದೀತೇ ಹೊರತು ಅದರ ಉಷ್ಣಮಾನ ಏರದು. ಈ ನವುರಾದ ಎಲೆಗೆ ಅಷ್ಟು ಶಾಖವೇ ಹಿತ. ಬಯಲುಸೀಮೆಯ ನಾವು ಕುದಿದ ನೀರನ್ನು ಇಳಿಸಿ, ಅರೆನಿಮಿಷ ತಡೆದು, ಲೋಟಕ್ಕೆ ಒಂದು ಚಮಚದಂತೆ ಎಲೆಯ ಮೇಲೆ ಹೊಯ್ದು, ಮುಚ್ಚಿಟ್ಟು, ಮೂರು ನಿಮಿಷದ ಬಳಿಕ ಸೋಸಬೇಕು. ವಾಡಿಕೆಯಂತೆ ಹಾಲು ಸಕ್ಕರೆಗಳೊಡನೆ ಕುದಿಸಿದರೆ ಕಂಪೆಲ್ಲ ಹಬೆಯೊಡನೆ ಹೊರಟುಹೋಗುವುದು. ನಾವೂ ನಮ್ಮ ಮೊದಲ ಪೊಟ್ಟಣವನ್ನು ಹಾಗೆಯೇ ಹಾಳುಮಾಡಿದೆವು. ಅಡಿಗೆಮನೆ ಮಾತ್ರ ಬಹಳ ಹೊತ್ತು ಘಮಘಮಿಸುತ್ತಿತ್ತು.