ನೀಲಿ ಕಣ್ಣಿಲ್ಲದವರ ‘ಬ್ಲೂ ಐಡ್ ಸೋಲ್’

‘ಆಪ್ ಜೈಸಾ ಕೋಯಿ’, ‘ಮೇಡ್ ಇನ್ ಇಂಡಿಯಾ’ ಹಾಡುಗಳನ್ನು ಕೇಳದವರು ಮುಂಬೈಯಲ್ಲಿ ಕಡಿಮೆ. ಇವೆರಡರ ಹಿಂದಿದ್ದ ಬಿದ್ದು ಅಪ್ಪಯ್ಯ ಬೆಂಗಳೂರಿನಲ್ಲಿ ಹುಟ್ಟಿದ ಕೊಡವ ಎಂದರೆ ಮಾತ್ರ ಇಲ್ಲಿನ ಸಹೋದ್ಯೋಗಿಗಳು ಹುಬ್ಬೇರಿಸುತ್ತಾರೆ. ನಮ್ಮಲ್ಲೂ ಎಷ್ಟೋ ಜನಕ್ಕೆ ಇದು ಹೊಸ ಸುದ್ದಿಯೇ. ಆದರೆ ಹಿಂದಿ ಚಿತ್ರರಂಗಕ್ಕೆ ಅವರ ಹೆಸರು ತಿಳಿಯುವ ಐದು ವರ್ಷ ಮೊದಲೇ, 1975ರಲ್ಲಿ, ಅವರದೊಂದು ಡಿಸ್ಕೊ ಆಲ್ಬಂ ಲಂಡನ್ನಿನಲ್ಲಿ ಬಂದಿತ್ತು. ‘ಬಿದ್ದು ಆರ್ಕೆಸ್ಟ್ರಾ’ದ ಆ ಆಲ್ಬಂ ಹೆಸರು ‘ಬ್ಲೂ ಐಡ್ ಸೋಲ್’.

ಹೆಸರಿನಲ್ಲೇ ತಮಾಷೆಯಿದೆ. ಅಮೆರಿಕದ ಕಪ್ಪುಜನರ ಚರ್ಚ್ ಗಾಯನದಿಂದ ಬೆಳೆದದ್ದು ಸೋಲ್. ಅದನ್ನು ಬಿಳಿಯರು ಹಾಡಿದರೆ ‘ಬ್ಲೂ ಐಡ್ ಸೋಲ್’ ಎನ್ನುವ ರೂಢಿ. ಇಲ್ಲಿ ಅದನ್ನು ಮಾಡಿದವರು ಇತ್ತ ಬಿಳಿಯರೂ ಅಲ್ಲ, ಅತ್ತ ಅಮೆರಿಕನ್ನರೂ ಅಲ್ಲ. ರೇಡಿಯೊ ಸಿಲೋನ್ ಕೇಳುತ್ತಾ ಬೆಳೆದ ಬೆಂಗಳೂರಿನ ಹುಡುಗ.

ಬಿದ್ದು ಮೊದಲು ಗೆಳೆಯರೊಂದಿಗೆ ‘ಟ್ರೋಜನ್ಸ್’ ಎಂಬ ತಂಡ ಕಟ್ಟಿ ಕಲ್ಕತ್ತ, ಬೊಂಬಾಯಿಗಳಲ್ಲಿ ಹಾಡಿದರು. 1960ರ ದಶಕದ ಕೊನೆಯ ಭಾಗದಲ್ಲಿ ಮಧ್ಯಪ್ರಾಚ್ಯದ ಹಾದಿಯಾಗಿ ಇಂಗ್ಲೆಂಡ್ ಸೇರಿದರು. ಅಲ್ಲಿ ಅಡುಗೆಮನೆಯ ಕೆಲಸವೂ ಸೇರಿದಂತೆ ಸಿಕ್ಕಿದ್ದನ್ನು ಮಾಡಿ, ಕೂಡಿಟ್ಟ ದುಡ್ಡಿನಲ್ಲಿ ಸ್ಟುಡಿಯೊ ಬಾಡಿಗೆಗೆ ಹಿಡಿದರು. ಹೆಸರು ಬಿದ್ದು, ಬದುಕು ಬಿದ್ದು ಎದ್ದದ್ದು.

1974ರಲ್ಲಿ ಜಮೈಕಾ ಮೂಲದ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫು ಫೈಟಿಂಗ್’ ಅವರ ದೆಸೆ ತಿರುಗಿಸಿತು. ರೆಕಾರ್ಡಿನ ಹಿಂಬದಿಗೆಂದು, ಬಾಡಿಗೆ ಅವಧಿಯ ಕೊನೆಯ ಕೆಲವೇ ನಿಮಿಷಗಳಲ್ಲಿ ಮುಗಿಸಿದ ಹಾಡು ಬ್ರಿಟನ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು. ಆ ಗೆಲುವಿನ ಮರುವರ್ಷವೇ ಬಂದದ್ದು ‘ಬ್ಲೂ ಐಡ್ ಸೋಲ್’.

ಇದು ಬಹುಪಾಲು ವಾದ್ಯಸಂಗೀತ. ಆ ಹೊತ್ತಿಗೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಗ್ಯಾಂಬಲ್ ಮತ್ತು ಹಫ್ ಜೋಡಿ ಸೋಲ್ ಹಾಡುಗಳಿಗೆ ಪಿಟೀಲು ಸಮೂಹ ಮತ್ತು ತಪ್ಪದ ಡ್ರಮ್ ಪೆಟ್ಟು ಸೇರಿಸಿ ಡಿಸ್ಕೊಗೆ ದಾರಿ ಮಾಡಿದ್ದರು. ಅಳತೆ ಸರಳ: ನಾಲ್ಕು ಎಣಿಕೆಗೂ ದೊಡ್ಡ ಡ್ರಮ್ಮಿನ ಪೆಟ್ಟು, ನಡುನಡುವೆ ತಾಳದಂಥ ಹೈ-ಹ್ಯಾಟ್, ಕೆಳಗೆ ಕುಣಿಯುವ ಬಾಸ್ ಗಿಟಾರ್, ಮೇಲೆ ಪಿಟೀಲುಗಳ ಅಲೆ. ಬಿದ್ದು ಇದನ್ನು ಲಂಡನ್ನಿನ ಸ್ಟುಡಿಯೊ ಕಲಾವಿದರಿಂದ ನುಡಿಸಿದರು. ಫ್ರಾನ್ಸಿನ ಮಿಶೆಲ್ ಲೆಗ್ರಾಂ ಚಿತ್ರವೊಂದಕ್ಕೆ ಮಾಡಿದ್ದ ನಿಧಾನದ, ವಿಷಾದದ ರಾಗ ‘ಸಮ್ಮರ್ ಆಫ್ 42’ ಇವರ ಕೈಯಲ್ಲಿ ಕುಣಿತದ ಹಾಡಾಗಿ ಬ್ರಿಟನ್ನಿನ ಪಟ್ಟಿಯಲ್ಲಿ 14ನೇ ಸ್ಥಾನ ತಲುಪಿತು.

ಆ ವರ್ಷಗಳಲ್ಲಿ ಬಿದ್ದು ಅವರ ಬಲಗೈಯಂತಿದ್ದವರು ವಾದ್ಯಸಂಯೋಜಕ ಜೆರ್ರಿ ಶೂರಿ. ಯಾವ ಪಿಟೀಲು ಎಲ್ಲಿ ಏಳಬೇಕು, ಎಲ್ಲಿ ಸುಮ್ಮನಿರಬೇಕು ಎಂದು ಹಾಳೆಯ ಮೇಲೆ ಬರೆಯುವ ಕೆಲಸ ಅದು. ಅವರು 1978ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ‘ಬಿದ್ದು ಆರ್ಕೆಸ್ಟ್ರಾ’ ಊರೂರು ಸುತ್ತುವ ಕಾಯಂ ತಂಡವೇನೂ ಆಗಿರಲಿಲ್ಲ. ವಾದಕರು ಬೆಳಿಗ್ಗೆ ಒಂದು ಸ್ಟುಡಿಯೊ, ಮಧ್ಯಾಹ್ನ ಇನ್ನೊಂದು ಎಂದು ಗಂಟೆ ಲೆಕ್ಕದಲ್ಲಿ ದುಡಿಯುವವರು. ಅವರ ಕೈಚಳಕಕ್ಕೆ ಲಕ್ಷಾಂತರ ಜನ ಕುಣಿದರು. ಹೆಸರು ಕೇಳಿದವರು ವಿರಳ. ಗಿರಾಕಿ ಕಂಪನಿಯ ಹೆಸರಿನಲ್ಲಿ ಹೊರಹೋಗುವ ಕೆಲಸಕ್ಕೆ ರಾತ್ರಿ ಹಗಲು ಕೂರುವ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಊರು ಬಿಟ್ಟವರನ್ನು ಕಾಡುವ ಪ್ರಶ್ನೆಯೊಂದಿದೆ: ನಮ್ಮತನ ಎಲ್ಲಿ ಹೋಯಿತು? ‘ಬ್ಲೂ ಐಡ್ ಸೋಲ್’ನಲ್ಲಿ ಕೊಡಗಿನ ದುಡಿಯ ಸದ್ದಿಲ್ಲ. ಅದನ್ನು ಕೊರತೆ ಎನ್ನಲು ನನಗೆ ಮನಸ್ಸಿಲ್ಲ. ಪರರ ಸಂಗೀತವನ್ನು ಅದರದೇ ಶಿಸ್ತಿನಲ್ಲಿ ಕಲಿತು, ಆ ಊರಿನವರೇ ಕುಣಿಯುವಂತೆ ನುಡಿಸುವುದು ಸಣ್ಣ ಸಾಧನೆಯಲ್ಲ. ಕಲಿತದ್ದು ಆಮೇಲೆ ಈ ಕಡೆಗೂ ಹರಿಯಿತು. 1980ರ ‘ಕುರ್ಬಾನಿ’ಗೆ ‘ಆಪ್ ಜೈಸಾ ಕೋಯಿ’ ಕೊಟ್ಟರು. ಮರುವರ್ಷ ಪಾಕಿಸ್ತಾನದ ನಾಜಿಯಾ ಹಸನ್ ಮತ್ತು ಜೊಹೇಬ್ ಎಂಬ ಅಕ್ಕ–ತಮ್ಮನ ‘ಡಿಸ್ಕೊ ದೀವಾನೆ’ ಬಂತು. ಗಡಿಯ ಎರಡೂ ಬದಿ ಕುಣಿದ ಆ ಹಾಡುಗಳ ಪಾಠ ನಡೆದದ್ದು ಲಂಡನ್ನಿನ ಬಾಡಿಗೆ ಸ್ಟುಡಿಯೊಗಳಲ್ಲಿ.

ಆ ಆಲ್ಬಮ್ಮಿನಲ್ಲಿ ಊರಿನ ಗುರುತೆಂದರೆ ಹೊದಿಕೆಯ ಮೇಲಿನ ಹೆಸರೊಂದೇ. ಇಂಗ್ಲಿಷರ ನಾಲಿಗೆಗೆ ಸುಲಭವಾಗಲೆಂದು ಬಿದ್ದು ಅದನ್ನು ಬದಲಿಸಲಿಲ್ಲ.